ಶಬ್ದಬ್ರಹ್ಮ ಎಂಬ ಹೆಸರಿನ ಅಕ್ಕನ ಮಗನಿಗೆ

ಮಂಜಲ್‌ಪುರ, ವಡೋದರಾ
೨೦೦೫, ಉತ್ತರಾಯಣ ಕಳೆದ ವಾರ

ವಿಮಲಕ್ಕನ ಮಗ ನಿತೇಶನಿಗೆ,

ಲಕೋಟೆಯ ಮೇಲೆ ಏನು ಹೆಸರು ಬರೆಯಲಿ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. 'ಶಬ್ದಬ್ರಹ್ಮ, ಭಾಷಾರತ್ನ, ಚಾಂದ್‌ಖೇಡಾ, ಅಹಮದಾಬಾದ್' ಎಂದು ಬರೆದರೆ ಅಂಚೆಯವನು ಯಾವುದಾದರೂ ಮಠ ಹುಡುಕಿಕೊಂಡು ಹೋದಾನು. ಹಾಗಾಗಿ ನಿನ್ನ ಅಪ್ಪ ಇಟ್ಟ ಹೆಸರನ್ನೇ ಬರೆದಿದ್ದೇನೆ. ಫೋನು ಮಾಡಬಹುದಿತ್ತು, ಆದರೆ ನೀನು ನಡುವೆ ಬಾಯಿ ಹಾಕುತ್ತೀಯ. ನಿಮ್ಮ ಕಟ್ಟೆಯಲ್ಲಿ ಬರೆಯಬಹುದಿತ್ತು, ಆದರೆ ಅಲ್ಲಿ ಅಳಿಸಿಬಿಡುತ್ತೀಯ. ಕಾಗದವನ್ನು ಹರಿದು ಎಸೆಯಬಹುದು, ಆದರೆ ಹರಿಯುವ ಮೊದಲು ಯಾರೂ ಒಮ್ಮೆ ಓದದೆ ಬಿಡುವುದಿಲ್ಲ. ಆ ನಂಬಿಕೆಯಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಸಿಟ್ಟು ಬೆಂಕಿಯ ಹಾಗೆ, ಉರಿದು ಆರುತ್ತದೆ. ಇದು ಹೇಸಿಗೆ. ಹಿಂದಿನ ದಿನದ ಸಾಂಬಾರಿನ ಮುಚ್ಚಳ ತೆಗೆದಾಗ ಮೂಗಿಗೆ ಬಡಿದು, ಕೈ ತೊಳೆದರೂ ಹೋಗುವುದಿಲ್ಲವಲ್ಲ, ಅಂಥದ್ದು.

ನಿಮ್ಮ 'ಗುರ್ಜರ ಕನ್ನಡ ಕಟ್ಟೆ'ಯ ವಿಷಯ ನಾನು ಅರ್ಥ ಮಾಡಿಕೊಂಡಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದು, ತಿದ್ದುವುದು ನಿನಗೆ ಇಷ್ಟವಲ್ಲವೇ. ಅಹಮದಾಬಾದು, ವಡೋದರಾ, ಸೂರತ್ತಿನ ಕನ್ನಡಿಗರು ಕಂಪ್ಯೂಟರಿನಲ್ಲಿ ಸೇರಿ ಹರಟುವ ಜಾಗ. ಯಾರು ಬೇಕಾದರೂ ಬಂದು ಒಂದು ಹೆಸರು ಇಟ್ಟುಕೊಳ್ಳಬಹುದು. ಹೊಸದಾಗಿ ಬಂದವರ ಹೆಸರಿನ ಕೆಳಗೆ 'ಹೊಸಬರು' ಎಂದು ಬೀಳುತ್ತದೆ. ಬರೆಯುತ್ತಾ ಹೋದ ಹಾಗೆ ಅದು 'ಪರಿಚಿತರು' ಆಗುತ್ತದೆ, 'ಬಲ್ಲವರು' ಆಗುತ್ತದೆ, 'ಪಂಡಿತರು' ಆಗುತ್ತದೆ, ಎಲ್ಲದರ ಮೇಲೆ ಹಳದಿ ನಕ್ಷತ್ರದ ಜೊತೆ 'ಭಾಷಾರತ್ನ'. ಪಂಡಿತರಾದ ಮೇಲೆ ಬೇರೆಯವರ ಬರಹ ಅಳಿಸಬಹುದು, ಚರ್ಚೆಗೆ ಬೀಗ ಹಾಕಬಹುದು. ಏನು ಬರೆದರು ಎಂದು ಯಂತ್ರ ನೋಡುವುದಿಲ್ಲ, ಎಷ್ಟು ಸಲ ಬರೆದರು ಎಂದು ಮಾತ್ರ ನೋಡುತ್ತದೆ. ನೀನು ಯಾರ್ಯಾರಿಗೋ ಹುಟ್ಟುಹಬ್ಬದ ಶುಭಾಶಯ ಹೇಳಿ, ಬೆಳಿಗ್ಗೆ ಎದ್ದು 'ಶುಭೋದಯ ಕನ್ನಡಿಗರೇ' ಎಂದು ಹಾಕಿ ಪಂಡಿತನಾದೆ. ಅದರಲ್ಲಿ ನನಗೆ ತಕರಾರಿಲ್ಲ. ಉಡುಪಿ ಎಲ್ಲಿದೆ ಎಂದು ಗೊತ್ತಿಲ್ಲದವರು ಇಲ್ಲಿ ರಸ್ತೆಗೊಂದು 'ಅಸಲಿ ಉಡುಪಿ' ಎಂಬ ಬೋರ್ಡು ಹಾಕಿಕೊಂಡಿದ್ದಾರೆ, ನಾನು ಯಾವತ್ತಾದರೂ ಜಗಳಕ್ಕೆ ಹೋದೆನೇ? ಅವರ ಸಾಂಬಾರಿನಲ್ಲಿ ಬೆಲ್ಲ ಹೆಚ್ಚಾದರೆ ಗಿರಾಕಿ ಮುಖ ಕಿವಿಚಿ ಎದ್ದು ಹೋಗುತ್ತಾನೆ, ಅಲ್ಲಿಗೆ ಮುಗಿಯಿತು. ನಿನ್ನ ಬೋರ್ಡನ್ನು ನಂಬಿದವರು ಹಾಗೆ ಎದ್ದು ಹೋಗಲಿಲ್ಲ.

ನಮ್ಮ ದಾಮೋದರನ ಮಗಳು ಗಗನಾಳ ವಿಷಯ ನಿನಗೆ ಹೊಸದಾಗಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ನೀನು ಮರೆತಿದ್ದೀಯ ಎಂದು ನನಗೆ ಗುಮಾನಿ. ದಾಮೋದರ ಹೋಟೆಲಿನಲ್ಲಿ ನನ್ನ ಪಾಲುದಾರನಾಗಿದ್ದ. ಕುಂದಾಪುರದಿಂದ ಒಂದೇ ಟ್ರಂಕಿನಲ್ಲಿ ಇಬ್ಬರ ಬಟ್ಟೆ ತುಂಬಿಕೊಂಡು ಬಂದವರು ನಾವು. ಅವನು ಇಲ್ಲಿನ ನೀಲಾಳನ್ನು ಮದುವೆಯಾದ. ಊರಿನವರು ಅವನ ಮನೆಯ ನೀರು ಮುಟ್ಟಲಿಲ್ಲ, ನೀಲಾಳ ಕಡೆಯವರು ಮುಖ ತೋರಿಸಲಿಲ್ಲ. ಗಗನಾ ಹುಟ್ಟಿದಾಗ ತೊಟ್ಟಿಲು ಕಟ್ಟಿದವರು ನಾನು ಮತ್ತು ನಿನ್ನ ಅಮ್ಮ. ಆ ಮಗು ಯಾವ ಹಬ್ಬಕ್ಕೆ ಹೋದರೂ ಯಾರಾದರೊಬ್ಬರು ಪಕ್ಕದವರ ಕಿವಿಯಲ್ಲಿ 'ಅರ್ಧ ಗುಜರಾತಿ' ಎನ್ನುತ್ತಿದ್ದರು. ಕಿವಿಯಲ್ಲಿ ಹೇಳಿದ್ದು ಮಕ್ಕಳಿಗೆ ಮೊದಲು ಕೇಳಿಸುತ್ತದೆ. ದಾಮೋದರ ತೀರಿಕೊಂಡ ಮೇಲೆ ಆ ಹುಡುಗಿ ಹಟ ಹಿಡಿದು ಕನ್ನಡ ಓದಲು ಕಲಿತಳು. ಹೋಟೆಲಿನ ಮೆನು ಬೋರ್ಡು, ಊರಿನಿಂದ ಬಂದ ಮದುವೆ ಕಾಗದ, ಉಪ್ಪಿನಕಾಯಿ ಬಾಟಲಿಯ ಚೀಟಿ, ಸಿಕ್ಕಿದ್ದನ್ನೆಲ್ಲ ಅಕ್ಷರ ಕೂಡಿಸಿ ಓದುತ್ತಿದ್ದಳು. ನಿಮ್ಮ ಕಟ್ಟೆಗೆ ಸೇರಿದ್ದೂ ಅದಕ್ಕೇ. ಅಪ್ಪನ ಭಾಷೆಯಲ್ಲಿ ಮಾತಾಡಲು ಅಪ್ಪ ಇಲ್ಲ, ಅಲ್ಲಾದರೂ ಯಾರೋ ಇದ್ದಾರೆ ಎಂದು.

ರಾಜ್ಯೋತ್ಸವದ ದಿನ ಅವಳನ್ನು ನೋಡಿ ಆಕಾಶ್ ಮೆಚ್ಚಿದ. ಗದಗಿನ ಕಡೆಯ ಹುಡುಗ, ಸೂರತ್ತಿನ ಪಕ್ಕದ ಹಜೀರಾದಲ್ಲಿ ಇಂಜಿನಿಯರು. ಅಲ್ಲಿನ ಕಂಪನಿ ಕಾಲೊನಿಯಲ್ಲಿ ಚಿಕ್ಕಮ್ಮ ಇಂದಿರಾ ಮನೆಯಲ್ಲಿ ಇರುತ್ತಾನೆ. ಊರಲ್ಲಿ ಅಜ್ಜ ಸಿದ್ದಲಿಂಗಪ್ಪನವರದ್ದೇ ಮಾತು. ಅವರು ಒಲ್ಲದ ಮನಸ್ಸಿನಿಂದ 'ಹೋಗಿ ನೋಡ್ರಿ' ಎಂದಿದ್ದರಂತೆ. ದೀಪಾವಳಿ ಕಳೆದ ಮೇಲೆ ಇಂದಿರಾ ಬಂದರು. ನಾನೂ ಇದ್ದೆ, ಹುಡುಗಿಯ ಕಡೆಯ ಹಿರಿಯನಾಗಿ. ಗಟ್ಟಿ ಗಂಟಲಿನ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದ ಹೆಂಗಸು. ರೊಟ್ಟಿ ಬಡಿಯಾಕ ಬರತೈತೇನವಾ ಎಂದು ಗಗನಾಳನ್ನು ಕೇಳಿದರು. ನಮ್ಮವಳು ತಲೆ ತಗ್ಗಿಸಲಿಲ್ಲ. "ನಂಗೆ ಬರಲ್ಲ ಆಂಟಿ. ಆಕಾಶ್ ಹಾಸ್ಟೆಲಲ್ಲಿ ಕಲ್ತಿದಾರಂತೆ. ಒಂದು ಮನೇಲಿ ಒಬ್ರಿಗೆ ಬಂದ್ರೆ ಸಾಕಲ್ವಾ?" ಎಂದಳು. ಆಕಾಶನ ಕಿವಿ ಕೆಂಪಾಯಿತು. ಇಂದಿರಾ ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕರು. ಹೊರಡುವಾಗ ಹೊಸ್ತಿಲಲ್ಲಿ ನಿಂತು ನನಗೆ ಹೇಳಿದರು: "ನಿಮ್ಮ ಹುಡುಗಿ ಭಾಳ ಬೆರಕಿ ಅದಾಳ್ರೀ. ಇಕಿ ಬಂದ್ರ ನಮ್ಮ ಮನ್ಯಾಗ ಎಲ್ಲಾರೂ ಹುಷಾರಾಗಿರಬೇಕ್ ನೋಡ್ರಿ."

ಆ ಪದ ನಮ್ಮ ಕರಾವಳಿಯಲ್ಲಿ ಇಲ್ಲ, ನನಗೂ ಹೊಸತು. ಆದರೆ ನಾನು ಗಲ್ಲಾದಲ್ಲಿ ಕೂತು ಮುಖ ಓದಿದವನು. ಬೈಯುವವರು ಬೈದಾದ ಮೇಲೆ ಹುಡುಗಿಯ ಕೆನ್ನೆ ಹಿಂಡುವುದಿಲ್ಲ. ನಾನು ನಕ್ಕೆ, ಕೈಮುಗಿದೆ, ಮಾರನೆಯ ದಿನ ಕೆಲಸದ ಮೇಲೆ ಅಹಮದಾಬಾದಿಗೆ ಹೋದೆ.

ಗಗನಾ ನಕ್ಕಿರಲಿಲ್ಲ. ಬೆರಕೆ ಎಂಬ ಪದ ಅವಳಿಗೆ ಗೊತ್ತಿತ್ತು, ಹಾಲಿಗೆ ನೀರು ಬೆರಕೆ ಎಂದು ಹೋಟೆಲಿನಲ್ಲಿ ನಾವೇ ಆಡುವ ಮಾತು. ಅನುಮಾನಕ್ಕೆ ನಿಮ್ಮ ಕಟ್ಟೆಯಲ್ಲಿ ಕೇಳಿದಳು, ಹೆಸರು ಹೇಳದೆ: ಉತ್ತರ ಕರ್ನಾಟಕದವರು ಒಬ್ಬ ಹುಡುಗಿಯನ್ನು 'ಬೆರಕಿ' ಎಂದರೆ ಏನರ್ಥ?

ನೀನು ಉತ್ತರಿಸಿದೆ. ನಾನು ಆಮೇಲೆ ಅದನ್ನು ಅವಳ ಕಂಪ್ಯೂಟರಿನಲ್ಲಿ ಓದಿದೆ, ನಿನ್ನದೆಂದು ಗೊತ್ತಿಲ್ಲದೆ. "ಬೆರಕೆ ಎಂಬ ನಾಮಪದದ ಗ್ರಾಮ್ಯ ರೂಪ. ಕಲಬೆರಕೆ, ಸಂಕರ. ವ್ಯಕ್ತಿಗೆ ಅನ್ವಯಿಸಿದಾಗ, ಶುದ್ಧವಲ್ಲದ ಕುಲದಲ್ಲಿ ಹುಟ್ಟಿದವಳು ಎಂದರ್ಥ. ನಿಂದಾರ್ಥಕ. ಸಭ್ಯರು ಬಳಸುವುದಿಲ್ಲ." ಎಂಥ ಗತ್ತು! ಕನ್ನಡ ಅಕ್ಷರದಲ್ಲೇ, ದಪ್ಪಗೆ, ಚುಕ್ಕಿ ತಪ್ಪದೆ. ಉಳಿದವರೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುವ ಜಾಗದಲ್ಲಿ ಕನ್ನಡ ಅಕ್ಷರ ಬರುವ ತಂತ್ರಾಂಶ ಇದ್ದವನೇ ಅರ್ಧ ಋಷಿ. ಮೇಲೆ ಹೆಸರು ಶಬ್ದಬ್ರಹ್ಮ, ಕೆಳಗೆ ಪಂಡಿತರು. ಇನ್ನೇನು ಬೇಕು? ಸಾಲಾಗಿ ಬಂದರು, 'ನಮನ ಗುರುಗಳೇ', 'ಅದ್ಭುತ ವಿವರಣೆ'.

ನಿತೇಶಾ, ನಿನಗೆ ಆ ಪದ ಗೊತ್ತಿರಲಿಲ್ಲ. ಗದಗನ್ನು ನೀನು ರೈಲಿನ ಕಿಟಕಿಯಿಂದಲೂ ನೋಡಿಲ್ಲ. ನೀನು ಹೈಸ್ಕೂಲಿನವರೆಗೂ 'ಅಮ್ಮ ಬಂದ, ಅಪ್ಪ ಬಂದಳು' ಎನ್ನುತ್ತಿದ್ದವನು, ನಾವು ನಕ್ಕರೆ ಗುಜರಾತಿಯಲ್ಲಿ ಬೈಯುತ್ತಿದ್ದವನು. ದೊಡ್ಡವನಾಗಿ ಒಂದು ನಿಘಂಟು ಕೊಂಡೆ, ಒಳ್ಳೆಯದು. ನಿಘಂಟಿನಲ್ಲಿ ಇಲ್ಲದ ಪದಕ್ಕೆ ಅದರ ಪಕ್ಕದ ಪದದ ಅರ್ಥ ಕೊಟ್ಟೆಯಲ್ಲ, ಅಲ್ಲಿ ನೋಡು ನನಗೆ ಮೊದಲು ಹೇಸಿಗೆ ಹುಟ್ಟಿದ್ದು. ಇಡ್ಲಿ ಮುಗಿದಿದ್ದರೆ ಮುಗಿದಿದೆ ಎನ್ನಬೇಕು. ಹಳಸಿದ್ದನ್ನು ಬಿಸಿ ಮಾಡಿ ಬಾಳೆ ಎಲೆಯ ಮೇಲೆ ಇಡುವುದಲ್ಲ.

ಆ ಸಂಜೆಗೆ ಒಬ್ಬ ಹೊಸ ಸದಸ್ಯರು ಬಂದರು. ಹೆಸರು 'ಜೋಳದ ರೊಟ್ಟಿ'. ಕೆಳಗೆ 'ಹೊಸಬರು'. ಇಂಗ್ಲಿಷ್ ಅಕ್ಷರದಲ್ಲಿ, ತಡವರಿಸಿ: "ನಮ್ಮ ಗದಗ ಕಡೆ ಶಾಣ್ಯಾ ಇದ್ದ ಹುಡುಗಿಗೆ, ಮಾತಿನ್ಯಾಗ ಯಾರ ಕೈಗೂ ಸಿಗದಾಕಿಗೆ ಬೆರಕಿ ಅಂತಾರ್ರೀ. ಬೈಗಳ ಅಲ್ಲ. ಮೆಚ್ಚಿ ಅನ್ನೂ ಮಾತು."

ನೀನು ಏನು ಬರೆದೆ, ನೆನಪಿದೆಯೇ? "ಜೋಳದ ರೊಟ್ಟಿಯವರೇ, ಭಾಷಾಶಾಸ್ತ್ರ ತಟ್ಟುವ ವಸ್ತುವಲ್ಲ. ಅಡುಗೆ ವಿಭಾಗ ಪಕ್ಕದಲ್ಲಿದೆ." ಎಲ್ಲರೂ ಹಲ್ಲು ಕಿರಿದರು. ಒಬ್ಬ, ಸೂರತ್ತಿನವನೇ, 'ತುಪ್ಪ ಹಾಕಿಕೊಂಡು ಬನ್ನಿ ಅಮ್ಮಾ' ಎಂದ. ಎಲ್ಲರ ಕೊನೆಗೆ ಪ್ರಶ್ನೆ ಕೇಳಿದ ಹುಡುಗಿ ಬರೆದಿದ್ದಳು: 'ಥ್ಯಾಂಕ್ಸ್ ಶಬ್ದಬ್ರಹ್ಮ ಸರ್. ಈಗ ಅರ್ಥ ಆಯ್ತು.'

ಮಾರನೆಯ ದಿನ ನೀಲಾ ಹಜೀರಾಕ್ಕೆ ಫೋನು ಮಾಡಿ ಸಂಬಂಧ ಬೇಡ ಎಂದಳು. ಕಾರಣ ಕೇಳಿದ್ದಕ್ಕೆ ಜಾತಕ ಕೂಡಲಿಲ್ಲ ಎಂದಳು. ನಮ್ಮಲ್ಲಿ ಬೇಡ ಎನ್ನುವುದಕ್ಕೆ ಇರುವ ಮರ್ಯಾದೆಯ ಮಾತು ಅದೊಂದೇ ತಾನೇ. ಎರಡೂ ಕಡೆಯವರು ಕೊಟ್ಟುಕೊಂಡಿದ್ದ ಜಾತಕವನ್ನು ಯಾರೂ ಬಿಚ್ಚಿಯೂ ನೋಡಿರಲಿಲ್ಲ.

ನಾನು ಬಂದು ವಿಷಯ ಕೇಳಿ ಹಜೀರಾಕ್ಕೆ ಹೋದೆ. ಇಂದಿರಾ ಬಾಗಿಲು ತೆರೆದರು, ನೀರು ಕೊಟ್ಟರು, ಮಾತು ಕೊಡಲಿಲ್ಲ. ಆಕಾಶನೇ ಹೇಳಿದ. ಕಟ್ಟೆಯಲ್ಲಿ ಆ ಪ್ರಶ್ನೆ ನೋಡಿದವನಿಗೆ ಕೇಳಿದ್ದು ಯಾರೆಂದು ತಕ್ಷಣ ಹೊಳೆದಿತ್ತು. ಚಿಕ್ಕಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಹೇಳಿದ ಹಾಗೆ ತಾನು ಕುಟ್ಟಿದ್ದ. ರೊಟ್ಟಿ ಎಂಬ ಹೆಸರು ನೋಡಿದರೆ ಗಗನಾಳಿಗೆ ಗುರುತು ಸಿಗುತ್ತದೆ ಎಂದು ಅವನೇ ಆ ಹೆಸರು ಇಟ್ಟಿದ್ದ. ಹುಡುಗಿ ಹೆಸರು ಮರೆಮಾಡಿ ಕೇಳಿರುವಾಗ ಎಲ್ಲರೆದುರು 'ಆ ಮಾತು ಆಡಿದವಳು ನಾನೇ' ಎಂದು ಬರೆಯುವುದು ಇಂದಿರಾಗೆ ಸರಿಕಾಣಲಿಲ್ಲ.

ಕೇಳಿಸಿತೇ ನಿತೇಶಾ? ಆ ಪದವನ್ನು ಬಾಯಿಂದ ಆಡಿದ ಹೆಂಗಸೇ ಬಂದು, ನಾನು ಅಂದದ್ದು ಹೀಗೆ ಎಂದು ಹೇಳಿದರು. ನೀನು ಅವರನ್ನು ಅಡುಗೆ ವಿಭಾಗಕ್ಕೆ ಕಳಿಸಿದೆ.

ಇಂದಿರಾ ಖಾಲಿ ಲೋಟ ಎತ್ತಿಕೊಳ್ಳುತ್ತಾ ಅಂದರು. "ನನ್ನ ಮಾತಿನ ಅರ್ಥ ನನಗ ಗೊತ್ತಿಲ್ಲಂದ್ರ ಇನ್ನ ಏನ್ ಮಾತಾಡೂದ್ರೀ ಅಣ್ಣಾರ?" ನಾನು ಕೈಮುಗಿದು ಎದ್ದೆ. ಹೊರಡುವಾಗ ಅವರು ಸ್ವಲ್ಪ ಸಡಿಲವಾದರು. ನೀಲಾ ಮತ್ತೆ ಬಾಯಿಬಿಟ್ಟು ಕೇಳಿದರೆ ಮಾವ ಸಿದ್ದಲಿಂಗಪ್ಪನವರ ಹತ್ತಿರ ಮಾತಾಡುತ್ತೇನೆ, ಆದರೆ ಬೇಗ ಆಗಬೇಕು, ಅಲ್ಲಿ ಬೇರೆ ಹೆಣ್ಣು ನೋಡುತ್ತಿದ್ದಾರೆ ಎಂದರು.

ಬಂದು ನೀಲಾಳಿಗೆ ಹೇಳಿದೆ. ಅವಳು ನಂಬಲಿಲ್ಲ. ಸಿಕ್ಕಿಬಿದ್ದ ಮೇಲೆ ಎಲ್ಲರೂ ಅರ್ಥ ಬದಲಿಸುತ್ತಾರೆ ವಿಠ್ಠಲ್‌ಭಾಯ್, ಆ ಪಂಡಿತನಿಗೆ ನಮ್ಮ ಮನೆಯ ಮೇಲೆ ಏನು ಹಗೆ, ಅವನೇಕೆ ಸುಳ್ಳು ಬರೆಯುತ್ತಾನೆ ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ಗಗನಾ ನನ್ನನ್ನು ಬಾಗಿಲವರೆಗೆ ಬಿಡಲು ಬಂದು ಮೆಲ್ಲಗೆ, ಶಬ್ದಬ್ರಹ್ಮ ಅವರೇ ತಪ್ಪಾಯ್ತು ಅಂತ ಒಂದು ಸಾಲು ಹಾಕಿದರೆ ಮಮ್ಮಿ ಒಪ್ಪುತ್ತಾಳೆ ಕಾಕಾ ಎಂದಳು. ಆ ಒಂದು ಸಾಲಿಗಾಗಿ ನಾನೂ ನಿಮ್ಮ ಕಟ್ಟೆ ಹತ್ತಿದೆ. ನನ್ನ ಸ್ವಂತ ಹೆಸರು ಹಾಕಿದೆ. ಅದಕ್ಕಿಂತ ಅನುಮಾನದ ಹೆಸರು ಬೇರೆ ಇರಲಿಲ್ಲವೆಂದು ಕಾಣುತ್ತದೆ, ನನ್ನ ಬರಹ ಮಧ್ಯಾಹ್ನದೊಳಗೆ ಮಾಯವಾಯಿತು.

ಅಷ್ಟರಲ್ಲಿ ನಿನ್ನ ಫೋನು. ಕಟ್ಟೆಯ ವಾರ್ಷಿಕೋತ್ಸವ, ಅಹಮದಾಬಾದಿನಲ್ಲಿ ಸಭಾಂಗಣ, ಊಟ ನಮ್ಮ ಹೋಟೆಲಿನಿಂದ, ಹೋಳಿಗೆ ಇರಲೇಬೇಕು. ಆಮೇಲೆ ತಡೆಯಲಾರದೆ ಹೇಳಿದೆ, "ಮಾವ, ನಾನೀಗ ಭಾಷಾರತ್ನ ಆಗಿದೀನಿ, ಅವತ್ತು ನಂಗೆ ಶಾಲು ಹೊದಿಸ್ತಾರೆ. ಶಬ್ದಬ್ರಹ್ಮ ಅಂದ್ರೆ ನಾನೇ." ನಾನು ಫೋನನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಿಸಿದೆ. ಕಿವಿಯ ತಪ್ಪಿರಬಹುದು ಎಂದು.

ನಾನು ಎಲ್ಲವನ್ನೂ ಹೇಳಿದೆ. ನೀನು ಮೊದಲು ಅಂದದ್ದು, ಅದು ಗಗನಾ ಅಂತ ನಂಗೇನ್ ಗೊತ್ತು. ಗೊತ್ತಿರದ ಇನ್ನೊಬ್ಬರ ಮಗಳಾಗಿದ್ದರೆ ನಡೆಯುತ್ತಿತ್ತೇ? ಆಮೇಲೆ ಅಂದೆ: "ಮಾವ, ತಪ್ಪು ಅಂತ ಒಪ್ಕೊಂಡ್ರೆ ನಾಳೆಯಿಂದ ನನ್ನ ಮಾತು ಯಾರು ಕೇಳ್ತಾರೆ? ಫಂಕ್ಷನ್ ಒಂದು ಮುಗೀಲಿ. ಆ ಆಂಟಿನೂ ಇನ್ನಷ್ಟು ಪೋಸ್ಟ್ ಮಾಡ್ಲಿ, ಲೆವೆಲ್ ಬಂದ್ರೆ ಅವರ ಮಾತಿಗೂ ತೂಕ ಬರತ್ತೆ."

ಲೆವೆಲ್. ಗದಗಿನಲ್ಲಿ ಹುಟ್ಟಿ, ಆ ಭಾಷೆಯಲ್ಲೇ ಅತ್ತು ನಕ್ಕು, ಅದರಲ್ಲೇ ಮಕ್ಕಳನ್ನು ಬೈದು ಬೆಳೆಸಿದ ಹೆಂಗಸಿಗೆ ನಿನ್ನ ಶುಭೋದಯದ ಲೆವೆಲ್ ಬರಬೇಕು. ಇದನ್ನು ನೀನು ತಮಾಷೆಗೆ ಹೇಳಿದ್ದರೆ ನಾನು ಹೇಗೋ ನುಂಗುತ್ತಿದ್ದೆ. ನೀನು ಲೋಕದ ನಿಯಮ ತಿಳಿಸುವ ಹಾಗೆ, ತಾಳ್ಮೆಯಿಂದ ಹೇಳಿದೆ.

ನಿನ್ನ ಬಾಯಿಂದಲೇ ಬರಲಿ, ನೀಲಾಳ ಕಣ್ಣಲ್ಲಿ ನೀನು ಸಣ್ಣವನಾಗುವುದು ಬೇಡ ಎಂದು ನಾನು ಸುಮ್ಮನಿದ್ದೆ. ನಾನು ಫೋನು ಇಡದೆ ಪಟ್ಟು ಹಿಡಿದದ್ದಕ್ಕೆ ನೀನು ಮಾತು ಕೊಟ್ಟಿದ್ದೆಯಲ್ಲ, ನಾಲ್ಕು ದಿನದಲ್ಲಿ ಹಾಕುತ್ತೇನೆ ಎಂದು. ಕೊನೆಗೆ ಹಾಕಿದ್ದು ಇದು: "ಕೆಲವು ಪ್ರಾದೇಶಿಕ ಅಪಭ್ರಂಶಗಳಲ್ಲಿ ಅನ್ಯಾರ್ಥವೂ ಇರಬಹುದು. ಮೂಲಾರ್ಥ ನಿಂದೆಯೇ. ಚರ್ಚೆ ಮುಕ್ತಾಯ." ಕೆಳಗೆ ಬೀಗದ ಚಿತ್ರ. ನೀಲಾ ಅದನ್ನು ಮಗಳಿಂದ ಗುಜರಾತಿಯಲ್ಲಿ ಹೇಳಿಸಿಕೊಂಡು ನನ್ನ ಕಡೆ ನೋಡಿದಳು. ನೋಡಿದಿರಾ, ಅವನು ಇನ್ನೂ ನಿಂದೆಯೇ ಎನ್ನುತ್ತಿದ್ದಾನೆ ಎಂಬ ನೋಟ. ಆಗ ನಾನು ತಡೆಯಲಿಲ್ಲ. ಪಂಡಿತ ಯಾರೆಂದು ಹೇಳಿಬಿಟ್ಟೆ.

"ಆಪಣೋ ನಿತೇಶ್?" ಎಂದಳು. ನಮ್ಮ ನಿತೇಶನೇ? ನಿನ್ನ ಅಮ್ಮ ಆಸ್ಪತ್ರೆಯಲ್ಲಿದ್ದಾಗ ಒಂದು ಮಳೆಗಾಲ ಪೂರ್ತಿ ನಿನಗೆ ಉಣ್ಣಿಸಿ ಶಾಲೆಗೆ ಕಳಿಸಿದವಳು ಕೇಳಿದ ಪ್ರಶ್ನೆ ಅದು. ಆಮೇಲೆ ಎದ್ದು ಹೋಗಿ ಫೋನು ಹಿಡಿದಳು. ಇಂದಿರಾಳ ಹತ್ತಿರ ಒಬ್ಬ ತಾಯಿ ಹೇಗೆ ಕೇಳಬೇಕೋ ಹಾಗೆ ಕೇಳಿದಳು. ಇಂದಿರಾ ಕೂಡ ಹಿಂದಿನದನ್ನು ಎತ್ತಲಿಲ್ಲ, ಅವತ್ತೇ ಗದಗಿಗೆ ಮಾತಾಡಿದರು.

ತಡವಾಗಿತ್ತು. ಜಾತಕ ಕೂಡಲಿಲ್ಲ ಎಂಬ ಮಾತನ್ನು ಸಿದ್ದಲಿಂಗಪ್ಪನವರು ನಿಜವೆಂದು ಹಿಡಿದು, ತಮ್ಮ ಶಾಸ್ತ್ರಿಗಳಿಗೆ ತೋರಿಸಿದ್ದರು. ಹೆಣ್ಣಿನ ಕಡೆಯವರೇ ಕೂಡಲಿಲ್ಲ ಎಂದಿದ್ದಾರೆ ಎಂದು ಹೇಳಿ ತೋರಿಸಿದರೆ ಯಾವ ಶಾಸ್ತ್ರಿ ಕೂಡುತ್ತದೆ ಎನ್ನುತ್ತಾನೆ? ಅವನೂ ತನ್ನ ಬೋರ್ಡು ಕಾಯ್ದುಕೊಳ್ಳಬೇಕಲ್ಲ. ಅದು ತಾನು ಹೇಳಿದ ನೆಪ, ಸುಳ್ಳು ಎಂದು ನೀಲಾ ಅತ್ತಳು. ಶಾಸ್ತ್ರಿಗಳು ಸುಳ್ಳು ಹೇಳುವುದಿಲ್ಲ ಎಂದರಂತೆ ಮುದುಕರು. ಅವರ ಒಲ್ಲದ ಮನಸ್ಸಿಗೆ ನಾವೇ ಸಲೀಸಾದ ದಾರಿ ಮಾಡಿಕೊಟ್ಟಿದ್ದೆವು. ಆಕಾಶ್ ಅಜ್ಜನ ಮಾತು ಮೀರುವ ಹುಡುಗನಲ್ಲ. ರಾಣೆಬೆನ್ನೂರಿನ ಹೆಣ್ಣು ಗೊತ್ತಾಗಿದೆ, ಮೊನ್ನೆ ಸಕ್ಕರೆ ಹಂಚಿದರಂತೆ.

ನಿನ್ನ ವಾರ್ಷಿಕೋತ್ಸವಕ್ಕೆ ಒಪ್ಪಿಕೊಂಡ ಊಟ ಕಳಿಸಿದೆ, ನಾನು ಬರಲಿಲ್ಲ. ಶಾಲು ಹೊದ್ದ ನಿನ್ನ ಫೋಟೋವನ್ನು ನಿನ್ನ ಅಮ್ಮ ತಂದು ತೋರಿಸಿದಳು. ಕನ್ನಡ ಉಳಿಸುವ ಕೈಂಕರ್ಯಕ್ಕೆ ಎಂದು ಹಿಂದೆ ಕಟ್ಟಿದ ಬ್ಯಾನರಿನ ಮೇಲೆ ಬರೆದಿತ್ತು. ಚೆನ್ನಾಗಿ ಬಂದಿದೆ ಎಂದೆ. ಅಕ್ಕನಿಗೆ ನಾನು ಏನೂ ಹೇಳಿಲ್ಲ, ಹೇಳುವುದಿದ್ದರೆ ನೀನು ಹೇಳು.

ನಿನ್ನೆ ನೀಲಾಳ ಮನೆಗೆ ಹೋಗಿದ್ದೆ. ಊರಿನಿಂದ ದಾಮೋದರನ ಅಣ್ಣನ ಮಗನ ಮದುವೆ ಕಾಗದ ಬಂದಿದೆ, ಇಷ್ಟು ವರ್ಷದಲ್ಲಿ ಆ ಮನೆಯಿಂದ ಇವಳ ಹೆಸರಿಗೆ ಬಂದ ಮೊದಲ ಕಾಗದ. ಕನ್ನಡಕ ತಂದಿಲ್ಲ, ಓದಿ ಹೇಳು ಮಗಾ ಎಂದು ಗಗನಾಳ ಕೈಗೆ ಕೊಟ್ಟೆ. ಅವಳು ಅದನ್ನು ನೋಡಿದಳು, ಮಡಚಿದಳು, ಮೇಜಿನ ಮೇಲೆ ಇಟ್ಟಳು. "ನಥೀ ಆವಡ್ತುಂ, ಕಾಕಾ" ಎಂದಳು. ನನಗೆ ಬರುವುದಿಲ್ಲ ಎಂದು. ಗುಜರಾತಿಯಲ್ಲಿ. ನನ್ನ ಜೊತೆ ಅವಳು ಗುಜರಾತಿಯಲ್ಲಿ ಮಾತಾಡಿದ್ದೇ ಇಲ್ಲ, ಅಪ್ಪ ಬದುಕಿದ್ದಾಗಲೂ ಇಲ್ಲ, ಸತ್ತ ದಿನವೂ ಇಲ್ಲ. ನಾನು ಆ ಕಾಗದವನ್ನು ಜೇಬಿಗೆ ಹಾಕಿಕೊಂಡು, ಕೊಟ್ಟ ಚಹಾ ಕುಡಿದು ಬಂದೆ.

ಕಟ್ಟೆಯಲ್ಲಿ ನಿನ್ನ ನಕ್ಷತ್ರ ಹಾಗೇ ಇರಲಿ, ನನಗೇನೂ ಬೇಡ, ತಿದ್ದುಪಡಿಯೂ ಬೇಡ. ಆ ಹುಡುಗಿ ಇನ್ನು ಅಲ್ಲಿಗೆ ಬರುವುದಿಲ್ಲ. ಮನೆಗೆ ಯಾವಾಗ ಬೇಕಾದರೂ ಬಾ, ಎಲೆ ಹಾಕುತ್ತೇನೆ, ಅಕ್ಕನ ಮಗ ನೀನು. ಆದರೆ ನೀಲಾಳ ಬೀದಿಯಲ್ಲಿ ಬರಬೇಡ, ಸುತ್ತಿಕೊಂಡು ಬಾ.

ಹಿರಿಯನಾಗಿ ಹರಸದೆ ಕಾಗದ ಮುಗಿಸಬಾರದು. ಆಯುಷ್ಯ, ವಿದ್ಯೆ, ಕೀರ್ತಿ ಎಲ್ಲವೂ ನಿನಗೆ ಅದಾಗಲೇ ಇದೆ ಎಂದು ಕಾಣುತ್ತದೆ. 'ಗೊತ್ತಿಲ್ಲ' ಎಂಬ ಒಂದು ಕನ್ನಡದ ಮಾತು ಎಂದಾದರೂ ನಿನ್ನ ಬಾಯಿಗೆ ಬರಲಿ.

ಹೆಸರಿನ ಕೆಳಗೆ ಏನೂ ಇಲ್ಲದ ನಿನ್ನ ಸೋದರಮಾವ,
ವಿಠ್ಠಲ